ತೂಕ ನಿಲ್ಲುವವರೆಗೆ

"ಆ ಬಾಗಿಲು ಮುಚ್ಚಿ! ದಯವಿಟ್ಟು... ಒಳಗಿರೋದನ್ನ ಹೊರಗೆ ತರಬೇಡಿ!"

ಮೀನು ಬಂದರಿನ ಕೋಲ್ಡ್ ಸ್ಟೋರೇಜ್ ಅಂಗಳದಲ್ಲಿ ಸೇರಿದ್ದ ಇನ್ನೂರು ಜನ ಒಟ್ಟಿಗೇ ತಿರುಗಿ ನೋಡಿದರು.

ಕೆದರಿದ ಕೂದಲು, ಹನ್ನೊಂದು ಗಂಟೆ ಕಾಲ ಬಸ್ಸಿನಲ್ಲಿ ಕುಳಿತು ಮುದ್ದೆಯಾದ ಬಟ್ಟೆ, ಹೆಗಲಿಂದ ಜಾರುತ್ತಿರುವ ಚೀಲ. ಮಂಜುಗಡ್ಡೆ ಕರಗಿ ನಿಂತ ನೀರನ್ನು ತುಳಿಯುತ್ತಾ ಒಬ್ಬಳು ಹೆಂಗಸು ಓಡಿ ಬರುತ್ತಿದ್ದಳು.

ದಪ್ಪ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದವನು ಅವನೇ. ಕಿವಿ ಮುಚ್ಚುವ ಟೋಪಿ, ಮೊಣಕಾಲಿನವರೆಗಿನ ಕೋಟು, ಹುಬ್ಬಿನ ಮೇಲೆ ಬಿಳಿ ಹಿಮದ ಪುಡಿ. ಈ ಮುಖವನ್ನು ಅವಳು ಎರಡು ವರ್ಷದಿಂದ ದಿನಕ್ಕೊಂದು ಥರ ಕಲ್ಪಿಸಿಕೊಂಡಿದ್ದಳು. ಆದರೆ ಯಾವ ಕಲ್ಪನೆಯಲ್ಲೂ ಅವನು ಅವಳನ್ನು ಹುಚ್ಚಿಯನ್ನು ನೋಡುವಂತೆ ನೋಡಿರಲಿಲ್ಲ.

ಯಾರು ನೀವು ಎಂದು ಕೇಳಿದ.

"ನಾನು... ಸೂಜಿದಾರ."

ಅದು ಅವಳ ಹೆಸರಲ್ಲ, ಅಂತರ್ಜಾಲದಲ್ಲಿ ಅವಳಿಟ್ಟುಕೊಂಡ ಗುರುತು. ಅಷ್ಟು ಕೇಳಿದ್ದೇ ತಡ, ಅವನ ಮುಖ ಅರಳಿತು. ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತ. ಆಮೇಲೆ ಜನರತ್ತ ತಿರುಗಿ, ಇವರ ಮಾತಿನ ಮೇಲೇ ನಾನು ನಿಮ್ಮ ರಿಜಿಸ್ಟರ್‌ಗಳನ್ನೆಲ್ಲ ಒಳಗಿಟ್ಟಿದ್ದು ಎಂದು ಸಂಭ್ರಮದಿಂದ ಪರಿಚಯ ಮಾಡಿಸತೊಡಗಿದ.

'ನಗಬೇಡ... ಹಾಗೆ ನಗಬೇಡ ದೇವರೇ...' ಇಡೀ ಜನ್ಮದಲ್ಲಿ ಅವಳನ್ನು ಕಂಡು ಯಾರೂ ಇಷ್ಟು ಖುಷಿಪಟ್ಟಿರಲಿಲ್ಲ. ಆ ಖುಷಿಯನ್ನು ಅವಳೇ ಈಗ ಕೈಯಾರೆ ಕೊಲ್ಲಬೇಕಿತ್ತು.

"ನಾನು ಮಾಡಿ ನೋಡಿರಲಿಲ್ಲ. ಸುಳ್ಳು ಬರೆದಿದ್ದೆ," ಎಂದಳು.

ಅವಳು ಏನು ಮಾಡಿ ನೋಡಿರಲಿಲ್ಲ, ಯಾಕೆ ಬರೆದಳು ಎನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಗಡಿಯಾಚೆಯ ಒಂದು ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿ ಅವಳು ಬೈಂಡರ್. ಹರಿದ ಪುಸ್ತಕಗಳನ್ನು ಬಿಚ್ಚಿ ಮತ್ತೆ ಹೊಲಿಯುವುದು, ಅಂಟು ಕಾಯಿಸುವುದು, ಹಲಗೆಯಡಿ ಒತ್ತಿಡುವುದು ಅವಳ ಕೆಲಸ. ಅಪ್ಪನೂ ಅದೇ ಕೋಣೆಯಲ್ಲಿ ಮೂವತ್ತು ವರ್ಷ ಕೂತು ನಿವೃತ್ತನಾದವನು. ಇವಳಿಗೋ ಮೂವತ್ನಾಲ್ಕು ತುಂಬಿತ್ತು, ಮಾತು ಕಡಿಮೆ. ನೆಂಟರೆಲ್ಲ ಇವಳಿಗೆ ಗಂಡು ಹುಡುಕಿ ಹುಡುಕಿ ಸುಸ್ತಾಗಿ ಸುಮ್ಮನಾಗಿದ್ದರು.

ಅವಳ ಲೋಕವೆಲ್ಲ 'ಕೈಗುಣ' ಎನ್ನುವ ಒಂದು ಪೋರ್ಟಲ್‌ನಲ್ಲಿತ್ತು. ಯಾವ ದೇಶದವರಾಗಲಿ, ಯಾವ ಕಸುಬಿನವರಾಗಲಿ ಅಲ್ಲಿ ಬಂದು ತಮಗೆ ತಿಳಿದದ್ದನ್ನು ಹಂಚಿಕೊಳ್ಳಬಹುದು. ಗಡಿಯಾರ ರಿಪೇರಿಯವನ ಪ್ರಶ್ನೆಗೆ ಹಲ್ಲಿನ ಡಾಕ್ಟರ್ ಉತ್ತರ ಕೊಡುತ್ತಿದ್ದ, ದೋಣಿ ಕಟ್ಟುವವನ ತೊಡಕನ್ನು ಬೇಕರಿಯವಳು ಬಿಡಿಸುತ್ತಿದ್ದಳು. ಆ ಪೋರ್ಟಲ್‌ಗೆ ನಿಯಮ ಒಂದೇ. ಉತ್ತರದ ಕೆಳಗೆ 'ಮಾಡಿ ನೋಡಿದೆ' ಎಂದು ಬರೆಯುವವರು ನಿಜಕ್ಕೂ ತಮ್ಮ ಕೈಯಲ್ಲಿ ಮಾಡಿ ನೋಡಿರಬೇಕು. ಬೇರೆ ಕಸುಬಿನ ಒಬ್ಬರು ಹಾಗೆ ಬರೆದರೆ ಆ ಉತ್ತರಕ್ಕೆ ಹಸಿರು ಗುರುತು ಬೀಳುತ್ತಿತ್ತು. ಹಸಿರು ಬಿದ್ದರೆ ಲೋಕವೆಲ್ಲ ಕಣ್ಣು ಮುಚ್ಚಿ ನಂಬುತ್ತಿತ್ತು.

ಪುಸ್ತಕದ ಹುಳುವಿಗೆ ಔಷಧಿಯಿಲ್ಲದ ಉಪಾಯವಿದೆಯೇ ಎಂದು ಅವಳು ಕೇಳಿದಾಗ ಉತ್ತರಿಸಿದ್ದು 'ಮೈನಸ್ ಹದಿನೆಂಟು' ಎಂಬ ಗುರುತಿನವನು. ಬಂದರಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವವನು. ಪುಸ್ತಕಗಳನ್ನು ಕೆಲವು ದಿನ ಮೀನಿನ ಹಾಗೆ ಹೆಪ್ಪುಗಟ್ಟಿಸಿಡಿ, ಹುಳು ಸಾಯುತ್ತೆ ಎಂದಿದ್ದ. ಅವಳು ಮಾಡಿ ನೋಡಿದಳು, ಸತ್ತವು. ಅವನ ದಪ್ಪ ಕೈಗವಸು ಹೊಲಿಗೆ ಬಿಟ್ಟಾಗ ಬಿಗಿಯಾಗಿ ಹೊಲಿಯುವುದನ್ನು ಅವಳು ಕಲಿಸಿದಳು. ಹಾಗೆ ಶುರುವಾದದ್ದು ದಿನಕ್ಕೊಂದು ಸಂದೇಶವಾಯಿತು. ಗಡಿಯಾಚೆಗೂ ಭಾಷೆ ಒಂದೇ, ನೋಟು ಮತ್ತು ಅಂಚೆಚೀಟಿ ಮಾತ್ರ ಬೇರೆ. ಪ್ರೀತಿ ಎನ್ನುವ ಪದವನ್ನು ಇಬ್ಬರೂ ಬರೆಯಲಿಲ್ಲ. ಕೈಗವಸಿನ ಬಗ್ಗೆಯೇ ಅಷ್ಟುದ್ದ ಬರೆಯುವವರಿಗೆ ಅದರ ಅಗತ್ಯವೂ ಇರಲಿಲ್ಲವೇನೋ!

ಒಂದು ದಿನ ಅವನೊಂದು ಪ್ರಶ್ನೆ ಹಾಕಿದ. ಗಾಳಿ ಬೀಸುವ ಥಂಡಿಯಲ್ಲಿ ಮುಚ್ಚದೆ ಬಿಟ್ಟ ಮೀನು ಕರಗದೆಯೇ ಒಣಗಿ ಹಗುರಾಗುತ್ತದೆ. ನೀರಲ್ಲಿ ನೆಂದ ಪುಸ್ತಕವೂ ಹಾಗೇ ಒಣಗಬಹುದೇ? ನಲವತ್ತು ದಿನವಾದರೂ ಬೇಕು, ಬಲ್ಲವರು ಯಾರಾದರೂ ಮಾಡಿ ನೋಡಿ ಹೇಳುವಿರಾ?

ಯಾರೂ ಸರಿಯಾಗಿ ಉತ್ತರಿಸಲಿಲ್ಲ. ಉತ್ತರಿಸಿದ ಒಬ್ಬಿಬ್ಬರು, ಮೀನಿನವನಿಗೆ ಪುಸ್ತಕದ ಉಸಾಬರಿ ಯಾಕೆ ಎಂದು ಗೇಲಿ ಮಾಡಿದರು. ಅವನು ದಿನಾ ಬಂದು ನೋಡಿ ಹೋಗುವುದು ಅವಳಿಗೆ ಕಾಣುತ್ತಿತ್ತು. ಹನ್ನೆರಡನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. 'ಮಾಡಿ ನೋಡಿದೆ. ಪುಟ ಅಂಟಲಿಲ್ಲ, ಶಾಯಿ ಹರಡಲಿಲ್ಲ' ಎಂದು ಬರೆದುಬಿಟ್ಟಳು. ಅವಳು ಬೇರೆ ಕಸುಬಿನವಳಾದ್ದರಿಂದ ಆಗಲೇ ಹಸಿರು ಬಿತ್ತು. ನಾಳೆ ನಿಜವಾಗಿಯೂ ಮಾಡಿ ನೋಡಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಒಂದೂವರೆ ವರ್ಷದ ಮೇಲೆ ಅವನ ಊರಿಗೆ ಸಮುದ್ರದ ನೀರು ನುಗ್ಗಿತು. ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಮುನ್ನೂರ ನಲವತ್ತು ಜನನ ರಿಜಿಸ್ಟರ್‌ಗಳು ಮುಳುಗಿದವು. ಅವಕ್ಕೆ ಬೇರೆ ಪ್ರತಿಯೇ ಇರಲಿಲ್ಲ. ಆ ಊರಲ್ಲಿ ಯಾರು ಯಾರ ಮಗು, ಯಾವ ದಿನ ಹುಟ್ಟಿದ್ದು ಎನ್ನುವುದಕ್ಕೆ ಇದ್ದ ಸಾಕ್ಷಿ ಅವಷ್ಟೇ. ಅವನು ಹಸಿರು ಗುರುತಿನ ಉತ್ತರವನ್ನು ಆಸ್ಪತ್ರೆಯವರಿಗೆ ತೋರಿಸಿ, ಮೀನು ಖಾಲಿ ಮಾಡಿಸಿ, ಎಲ್ಲವನ್ನೂ ಥಂಡಿ ಕೋಣೆಗೆ ಸಾಗಿಸಿದ. ಆಮೇಲೆ ಅವಳಿಗೆ ಬರೆದ: 'ನಿಮ್ಮ ಮಾತಿನ ಮೇಲೆ ಇಟ್ಟಿದ್ದೇನೆ. ನನ್ನ ಅಕ್ಕನ ಮಗುವಿನ ಹೆಸರೂ ಇದರಲ್ಲಿದೆ.'

ಓದಿ ಅವಳು ಎಲ್ಲವನ್ನೂ ಅಪ್ಪನಿಗೆ ಹೇಳಿದಳು.

ಇವತ್ತೇ ನಿಜ ಬರೆದುಬಿಡು ಎಂದ ಅಪ್ಪ. ಅವಳು ಬರೆಯಲಿಲ್ಲ. ಬದಲಿಗೆ ಐಸ್‌ಕ್ರೀಮ್ ಅಂಗಡಿಯವನ ಕೈಕಾಲು ಹಿಡಿದು ಅವನ ಫ್ಯಾನ್ ಇರುವ ಫ್ರೀಜರ್‌ನಲ್ಲಿ ಒಂದು ಹಳೆಯ ರಿಜಿಸ್ಟರನ್ನು ನೆನೆಸಿ ಇಟ್ಟಳು. 'ಇದೊಂದು ಆಗಿಬಿಟ್ಟರೆ ನನ್ನ ಸುಳ್ಳು ನಿಜವಾಗಿಬಿಡುತ್ತೆ... ಅವನಿಗೆ ಗೊತ್ತಾಗುವುದೇ ಬೇಡ...' ನಲವತ್ತು ದಿನವೂ ಕೆಲಸ ಮುಗಿಸಿ ಆ ಅಂಗಡಿಗೆ ಹೋಗಿ ನೋಡಿ ಬಂದಳು.

ನಲವತ್ತೊಂದನೆಯ ದಿನ ಹೊರಗೆ ತೆಗೆದಳು. ಅಂಚುಗಳು ಗರಿಗರಿ ಒಣಗಿದ್ದವು. ಆದರೆ ದಪ್ಪ ರಿಜಿಸ್ಟರಿನ ಹೊಟ್ಟೆಯೊಳಗೆ ಇನ್ನೂ ಮಂಜು ಉಳಿದಿತ್ತು. ಕೋಣೆಯ ಬೆಚ್ಚಗಿನ ಗಾಳಿಗೆ ಅದು ಹತ್ತೇ ನಿಮಿಷದಲ್ಲಿ ಕರಗಿ, ಹಳೆಯ ನೇರಳೆ ಶಾಯಿ ಪುಟದ ತುಂಬ ಹರಡಿ, ಒಂದಕ್ಷರವೂ ಉಳಿಯಲಿಲ್ಲ.

ಅವನು ನಲವತ್ತರ ಮೇಲೆ ಇನ್ನೊಂದು ವಾರ ಬಿಟ್ಟು ಬಾಗಿಲು ತೆಗೆಯುವುದೆಂದು ಗೊತ್ತುಮಾಡಿದ್ದ, ಅದಕ್ಕೆ ಎರಡೇ ದಿನ ಇತ್ತು. 'ತೆಗೆಯಬೇಡಿ' ಎಂದು ಬರೆದಳು. 'ಯಾಕ್ರೀ ಹೆದರ್ತೀರಿ, ನೀವೇ ಮಾಡಿ ನೋಡಿದ್ದಲ್ವಾ?' ಎಂದು ಅವನು ನಗುತ್ತಾ ಉತ್ತರಿಸಿದ. ನಿಜವನ್ನು ನಾಲ್ಕು ಸಲ ಬರೆದಳು, ನಾಲ್ಕು ಸಲವೂ ಅಳಿಸಿದಳು. ಕೊನೆಗೆ ಅಪ್ಪನೇ ಅವಳ ಚೀಲ ತುಂಬಿ ಬಸ್ಸು ಹತ್ತಿಸಿದ. ಗಡಿ ದಾಟುವಾಗ ಧೈರ್ಯ ಬಂದು ಐದನೆಯ ಸಲ ಬರೆದಳು. ಅಷ್ಟರಲ್ಲಿ ಅವಳ ಫೋನಿಗೆ ಸಿಗ್ನಲ್ ಹೋಗಿತ್ತು. ಬಸ್ಸು ತಲುಪುವಾಗ ಬಾಗಿಲು ತೆರೆದು ಹತ್ತು ನಿಮಿಷವಾಗಿತ್ತು.

ಈಗ ಅಂಗಳದಲ್ಲಿ ಎಲ್ಲರ ಕಣ್ಣೂ ಅವಳ ಮೇಲಿತ್ತು.

ಮೊದಲ ಗಾಡಿಯ ಹನ್ನೆರಡು ರಿಜಿಸ್ಟರ್‌ಗಳು ಆಗಲೇ ಹೊರಬಂದಿದ್ದವು. ಜನ ಆಸೆಯಿಂದ ತೆರೆದು ಹುಡುಕುತ್ತಿದ್ದರು. ಅಲ್ಲೊಬ್ಬ ಮುದುಕ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಬೆರಳೆಲ್ಲ ನೇರಳೆ.

ಒಬ್ಬೊಬ್ಬರಾಗಿ ಎಲ್ಲರಿಗೂ ಅರ್ಥವಾಯಿತು. ಯಾರೋ ಕೂಗಾಡಿದರು, ಯಾರೋ ಅತ್ತರು. ಅವಳು ತಲೆ ತಗ್ಗಿಸಿ ನಿಂತು, ತಪ್ಪು ನನ್ನದು, ಇವರದೇನೂ ಇಲ್ಲ, ಒಳಗಿರುವ ಉಳಿದದ್ದನ್ನು ಉಳಿಸಬಹುದು ಎಂದು ಮತ್ತೆ ಮತ್ತೆ ಹೇಳಿದಳು. ಅವನು ಒಂದು ಮಾತೂ ಆಡಲಿಲ್ಲ.

ಹನ್ನೆರಡರಲ್ಲಿ ಒಂದು ಮಾತ್ರ ಇನ್ನೂ ತೆರೆದಿರಲಿಲ್ಲ, ಹೊರಗಿನ ಗಾಳಿ ತಾಗದೆ ಅದರ ಹೊಟ್ಟೆಯ ಮಂಜು ಇನ್ನೂ ಗಟ್ಟಿಯಾಗಿತ್ತು. ಅದು ಅವನ ಅಕ್ಕನ ಕೈಯಲ್ಲಿತ್ತು.

ಅಕ್ಕ ಶಾಲೆಯಲ್ಲಿ ಗಣಿತ ಹೇಳಿಕೊಡುವ ಟೀಚರ್. ಹತ್ತೊಂಬತ್ತು ವರ್ಷದ ಹಿಂದೆ ಅವಳಿಗೆ ಹೆಣ್ಣುಮಗು ಹುಟ್ಟಿ, ನಾಲ್ಕು ಗಂಟೆ ಬದುಕಿ, ತೀರಿಕೊಂಡಿತ್ತು. ಫೋಟೋ ಇಲ್ಲ, ಬಟ್ಟೆ ಇಲ್ಲ. ಆ ನಾಲ್ಕು ಗಂಟೆಯೊಳಗೆ ಅಕ್ಕ ಇಟ್ಟ ಹೆಸರನ್ನು ನರ್ಸ್ ಬರೆದುಕೊಂಡ ಒಂದು ಸಾಲು ಮಾತ್ರ ಈ ಲೋಕದಲ್ಲಿ ಉಳಿದಿತ್ತು. ಧೈರ್ಯ ಸಾಲದೆ ಅಕ್ಕ ಅದನ್ನು ತೆರೆಯದೆ ಕೋಟಿನೊಳಗೆ ಎದೆಗವಚಿಕೊಂಡು ನಿಂತಿದ್ದಳು. ಹೆಬ್ಬೆರಳು ಮಾತ್ರ ಪುಟಗಳ ನಡುವೆ ಇತ್ತು.

"ಕೊಡಿ ಅಕ್ಕ... ಎದೆ ಬಿಸಿಗೆ ಕರಗುತ್ತೆ. ಈಗಲೇ ಒಳಗೆ ಹೋಗಬೇಕು," ಎಂದು ಅವಳು ಕೈ ಚಾಚಿದಳು.

ಅಕ್ಕ ಇನ್ನೂ ಬಿಗಿಯಾಗಿ ಅವಚಿಕೊಂಡಳು. "ಒಂದು ಸಲ ಸುಳ್ಳು ಹೇಳಿದವಳು ನೀನು. ನಿನ್ನ ಕೈಗೆ ಯಾಕೆ ಕೊಡಲಿ?"

ಅವಳು ಹಸಿ ನೆಲದ ಮೇಲೆ ಮೊಣಕಾಲೂರಿದಳು. ನನ್ನ ಕೈಗೆ ಬೇಡ, ನಿಮ್ಮ ಕೈಯಾರೆ ನೀವೇ ಒಳಗಿಡಿ, ಅದು ಒಣಗುವವರೆಗೂ ನಾನು ಈ ಊರು ಬಿಟ್ಟು ಹೋಗುವುದಿಲ್ಲ ಎಂದು ಬೇಡಿಕೊಂಡಳು. ಅಕ್ಕ ಅಳುತ್ತಲೇ ತಾನೇ ಒಳಗೆ ಹೋಗಿ ಇಟ್ಟು ಬಂದಳು.

ಉಳಿದ ಹನ್ನೊಂದು ಹೋದವು. ಎರಡು ಸಾವಿರ ಮಕ್ಕಳ ಹೆಸರು ಅವುಗಳೊಂದಿಗೆ ಹೋದವು. ಬಸ್ಸು ಹತ್ತುವ ಮೊದಲೇ ಬರೆದಿದ್ದರೆ ಅಷ್ಟೂ ಉಳಿಯುತ್ತಿದ್ದವು ಎನ್ನುವುದು ಅವಳಿಗೆ ಗೊತ್ತಿತ್ತು. ಸುಳ್ಳಿಗಿಂತ ಹೆಚ್ಚಾಗಿ ಅವಳ ಪುಕ್ಕಲುತನ ಅವನ್ನು ತಿಂದಿತ್ತು.

ಮರುದಿನದಿಂದ ಅವಳು ಮೀನು ತೂಗುವ ತಕ್ಕಡಿಯನ್ನು ಥಂಡಿ ಕೋಣೆಯೊಳಗೇ ಇಡಿಸಿ, ಒಂದೊಂದೇ ರಿಜಿಸ್ಟರನ್ನು ತೂಗತೊಡಗಿದಳು. ಒಳಗಿನ ಮಂಜು ಹೋಗುತ್ತಿರುವವರೆಗೂ ತೂಕ ಇಳಿಯುತ್ತಲೇ ಇರುತ್ತದೆ. ಮೂರು ದಿನ ತೂಕ ಇಳಿಯದೆ ನಿಂತರೆ ಹೊಟ್ಟೆಯೊಳಗೂ ಒಣಗಿದೆ ಎಂದು ಅರ್ಥ. ದಿನ ಎಣಿಸಿದ್ದೇ ತಪ್ಪಾಗಿತ್ತು, ತೂಕ ನೋಡಬೇಕಿತ್ತು. ಮೀನಿನವನಿಗೆ ತೂಕ ಗೊತ್ತಿತ್ತು, ಬೈಂಡರಿಗೆ ದಪ್ಪ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಲು ಇಬ್ಬರಿಗೂ ಇಷ್ಟು ದೊಡ್ಡ ಪೆಟ್ಟು ಬೀಳಬೇಕಾಯಿತು.

ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರುವಂತಿಲ್ಲ. ಹೊರಬಂದು ಬೆರಳುಜ್ಜಿ ಮತ್ತೆ ಒಳಗೆ. ಅವನು ರಿಜಿಸ್ಟರ್ ಎತ್ತಿಕೊಡುತ್ತಿದ್ದ, ತೂಕ ಓದುತ್ತಿದ್ದ, ಅವಳು ಬರೆಯುತ್ತಿದ್ದಳು. ಅಂಕಿ ಬಿಟ್ಟರೆ ಅವನ ಬಾಯಿಂದ ಬೇರೆ ಮಾತು ಬರುತ್ತಿರಲಿಲ್ಲ. ಒಂದು ಸಲವೂ ಅವಳ ಕಣ್ಣು ನೋಡುತ್ತಿರಲಿಲ್ಲ.

'ಬೈದಾದರೂ ಬಿಡಬಾರದೇ... ಮುಖದ ಮೇಲೆ ಉಗಿದರೂ ಸಹಿಸಿಕೊಳ್ಳುತ್ತಿದ್ದೆ...'

ಕೈಗವಸಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದವನು ಇವನೇನಾ ಎಂದು ಅವಳಿಗೆ ಅನುಮಾನ ಬರುತ್ತಿತ್ತು. ಥಂಡಿ ಕೋಣೆಯಲ್ಲಿ ಅತ್ತರೆ ರೆಪ್ಪೆ ಅಂಟಿಕೊಳ್ಳುತ್ತದೆ. ಅದಕ್ಕೇ ಹೊರಗೆ ಬಂದು ಖಾಲಿ ಪೆಟ್ಟಿಗೆಗಳ ಹಿಂದೆ ನಿಂತು ಅತ್ತು ಮುಗಿಸಿ ಹೋಗುತ್ತಿದ್ದಳು.

ಉಳಿಯಲು ಜಾಗ ಕೊಟ್ಟಿದ್ದು ಆಶ್ಚರ್ಯವೆಂದರೆ ಅಕ್ಕನೇ. ಮಾತಿಲ್ಲದೆ ಕೋಣೆ ತೋರಿಸಿದ್ದಳು, ಮಾತಿಲ್ಲದೆ ಊಟ ಇಡುತ್ತಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತಟ್ಟೆ ಮುಂದಿಟ್ಟು ಎದುರಿಗೇ ಕೂತಳು.

"ನನಗೊಂದು ಲೆಕ್ಕ ಬಗೆಹರೀತಿಲ್ಲ ಕಣಮ್ಮ. ಆ ಸುಳ್ಳಿಂದ ನಿನಗೇನು ಸಿಗ್ತಿತ್ತು?"

ಅವಳು ತುತ್ತು ಹಿಡಿದ ಕೈ ಹಾಗೇ ನಿಲ್ಲಿಸಿದಳು. ಅವನು ಕೆಲಸ ಮಾಡುವ ಬಂದರಿನ ಕಡೆಗೆ ತಿರುಗಿ ನೋಡಿದಳು. ಕಣ್ಣಿಂದ ನೀರು ಸುರಿಯಿತು.

"ಹೂಂ. ಬಗೆಹರೀತು," ಎಂದಳು ಅಕ್ಕ. "ನಾನು ಕ್ಷಮಿಸಿದೀನಿ ಅಂದ್ಕೋಬೇಡ. ಆ ರಿಜಿಸ್ಟರ್ ತೆರೆಯೋವರೆಗೂ ನನ್ನ ಹತ್ರ ಏನೂ ಕೇಳಬೇಡ. ಈಗ ತಿನ್ನು, ಸೊರಗಿ ಕಡ್ಡಿಯಾಗಿದೀಯ."

ಮೂವತ್ತಮೂರನೆಯ ದಿನ ಬೆಳಿಗ್ಗೆ ಅಕ್ಕನ ರಿಜಿಸ್ಟರಿನ ತೂಕ ಮೂರನೆಯ ಸಲ ಹಾಗೇ ನಿಂತಿತು. ಹೊರಗಿನ ಕೋಣೆಯ ಮೇಜಿನ ಮೇಲೆ ಶುಭ್ರ ಬಟ್ಟೆ ಹಾಸಿದರು. ಅವಳು ಕಾಯಲು ಹೇಳಿದಳು. ಹತ್ತು ನಿಮಿಷ, ಇಪ್ಪತ್ತು, ಒಂದು ಗಂಟೆ. ಅಂಚಿನಲ್ಲಿ ಹನಿ ಮೂಡಲಿಲ್ಲ. ಬೆರಳಿಟ್ಟಳು, ಒಣಗಿತ್ತು.

ಬೈಂಡರುಗಳು ಹಾಳೆ ಮಡಿಸಲು, ಬಿಡಿಸಲು ಬಳಸುವ ಅಗಲವಾದ ಮೂಳೆಪಟ್ಟಿಯನ್ನು ಪುಟಗಳ ನಡುವೆ ತೂರಿಸಿ, ಒಂದೊಂದಾಗಿ ಬಿಡಿಸುತ್ತಾ ಹೋದಳು. ಕೈಯೊಂದೇ ಅವಳ ಮಾತು ಕೇಳುತ್ತಿತ್ತು. ಹೆಬ್ಬೆರಳಿನಷ್ಟು ಜಾಗದಲ್ಲಿ ನೇರಳೆ ಹರಡಿ ಹುಟ್ಟಿದ ಹೊತ್ತು ಅಳಿಸಿಹೋಗಿತ್ತು. ಅದರ ಪಕ್ಕದಲ್ಲೇ, ದುಂಡು ಅಕ್ಷರದಲ್ಲಿ, ಹೆಸರು ಇತ್ತು.

ಅಕ್ಕ ಬಗ್ಗಿ ಆ ಹೆಸರನ್ನು ಓದಿದಳು. ಮೊದಲು ಮನಸ್ಸಿನಲ್ಲಿ, ಆಮೇಲೆ ಜೋರಾಗಿ. ಹತ್ತೊಂಬತ್ತು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ಅವಳ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ಅಕ್ಕ ಹೊರಗೆ ಹೋಗಿ ಬಿಸಿಲಿನಲ್ಲಿ ಕೂತಳು.

ಕೋಣೆಯಲ್ಲಿ ಇಬ್ಬರೇ ಉಳಿದರು.

ಉಳಿದ ರಿಜಿಸ್ಟರ್‌ಗಳನ್ನು ಹೇಗೆ ತೂಗಬೇಕು ಎನ್ನುವುದನ್ನು ಬರೆದಿಟ್ಟಿದ್ದೇನೆ, ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ ಎಂದಳು. ರಜೆ ಮುಗಿದಿತ್ತು. ಅದಕ್ಕಿಂತ ಹೆಚ್ಚಾಗಿ, ಅವನ ಮೌನದ ಪಕ್ಕದಲ್ಲಿ ಇನ್ನೊಂದು ದಿನ ನಿಲ್ಲುವ ಶಕ್ತಿ ಅವಳಲ್ಲಿರಲಿಲ್ಲ.

ಅವನು ಕೈಗವಸು ಕಳಚಿ ಮೇಜಿನ ಮೇಲಿಟ್ಟ.

"ಹನ್ನೆರಡನೇ ದಿನಕ್ಕೆ ನೀವು ಉತ್ತರ ಬರೆದ್ರಿ," ಎಂದ. "ನಲವತ್ತು ದಿನ ಬೇಕು ಅಂತ ಬರೆದಿದ್ದವನು ನಾನೇ. ಹನ್ನೆರಡು ದಿನದಲ್ಲಿ ಯಾರಿಗೂ ಮಾಡಿ ನೋಡೋಕೆ ಆಗಲ್ಲ. ನನಗೆ ಅವತ್ತೇ ಗೊತ್ತಿತ್ತು."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಅವನು ಮುಂದುವರಿಸಿದ.

"ಇವರು ಮಾಡಿಲ್ಲ, ನನಗೋಸ್ಕರ ಬರೆದಿದ್ದಾರೆ ಅಂತ... ಎಷ್ಟು ಖುಷಿಯಾಗಿತ್ತು ಗೊತ್ತಾ? ಕೇಳಿದ್ರೆ ಆ ಖುಷಿ ಹೋಗಿಬಿಡುತ್ತೆ ಅಂತ ಕೇಳಲಿಲ್ಲ. ನೀರು ಬಂದಾಗ ಬೇರೆ ದಾರಿ ಇರಲಿಲ್ಲ, ನಿಜ ಇರಬಹುದು ಅಂತ ನನಗೆ ನಾನೇ ಹೇಳ್ಕೊಂಡೆ. ಅವತ್ತು ಅಂಗಳದಲ್ಲಿ ನೀವೊಬ್ಬರೇ ಎಲ್ಲಾ ಹೊತ್ಕೊಂಡ್ರಿ. ನಾನು ಬಾಯಿ ಬಿಡಲಿಲ್ಲ."

ಅವಳಿಗೆ ಮೊದಲು ಬಂದದ್ದು ಕೋಪ.

"ಮೂವತ್ತಮೂರು ದಿನ... ನೀವು ನನ್ನನ್ನ ದ್ವೇಷಿಸ್ತೀರಿ ಅಂದ್ಕೊಂಡು ದಿನಾ ಸತ್ತೆ ನಾನು."

"ನಿಮ್ಮ ಮುಖ ನೋಡೋಕೆ ನನಗೆ ಮುಖ ಇರಲಿಲ್ಲ ಕಣ್ರೀ."

ಅವನು ಫೋನ್ ತೆಗೆದು ಅವಳ ಮುಂದಿಟ್ಟ. ಇವತ್ತು ಬೆಳಿಗ್ಗೆ, ರಿಜಿಸ್ಟರ್ ತೆರೆಯುವ ಮುಂಚೆಯೇ, ಅವನು ಎಲ್ಲವನ್ನೂ ಪೋರ್ಟಲ್‌ನಲ್ಲಿ ಬರೆದಿದ್ದ. ಗೊತ್ತಿದ್ದೂ ಸುಮ್ಮನಿದ್ದದ್ದು, ಹೋದ ಹನ್ನೊಂದು, ದಿನ ಬಿಟ್ಟು ತೂಕ ನೋಡಬೇಕೆಂದು ಅವಳು ಕಂಡುಕೊಂಡದ್ದು. ಹಸಿರು ಗುರುತು ಹೋಗಿತ್ತು. ಆಸ್ಪತ್ರೆಯವರಿಗೂ ಇದನ್ನೇ ಓದಿ ಹೇಳಿ ಬಂದಿದ್ದ. ಕೆಳಗೆ ಜನ ಇಬ್ಬರಿಗೂ ಸೇರಿಸಿ ಬೈದಿದ್ದರು. ನಡುವೆ ಯಾವುದೋ ದೂರದ ದೇಶದ ನಕ್ಷೆ ಕಚೇರಿಯವರು, ನಮ್ಮ ನಕ್ಷೆಗಳು ನಿನ್ನೆ ನೆನೆದಿವೆ, ತೂಕ ದಿನಕ್ಕೆ ಎಷ್ಟು ಸಲ ನೋಡಬೇಕು ಎಂದು ಕೇಳಿದ್ದರು.

ಓದುತ್ತಾ ಓದುತ್ತಾ ಅವಳ ಕೋಪ ಎಲ್ಲಿ ಹೋಯಿತೋ... ಅಳು ಮಾತ್ರ ಉಳಿಯಿತು.

"ಆ ಎರಡು ಸಾವಿರ ಹೆಸರು ನಾವು ಮತ್ತೆ ಬರೀಬೇಕು," ಎಂದ ಅವನು. "ಒಂದೊಂದು ಮನೆಗೂ ಹೋಗಿ, ಬೈಸ್ಕೊಂಡು, ಕೇಳಿ, ಬರ್ಕೊಂಡು ಬರಬೇಕು. ದಿನಕ್ಕೆ ನಾಲ್ಕು ಮನೆ ಅಂದ್ರೂ ಒಂದೂವರೆ ವರ್ಷ ಹಿಡಿಯುತ್ತೆ. ನನಗೆ ಒಬ್ಬನೇ ಹೋಗೋಕೆ ಭಯ."

"ಒಂದೂವರೆ ವರ್ಷ ಆದ್ಮೇಲೆ?"

"ಆಮೇಲೂ ಹೋಗಬೇಡ."

ಅವಳು ಮೇಜಿನ ಅಂಚು ಹಿಡಿದಳು. ಥಂಡಿಗೆ ಒಡೆದ ಅವನ ಬೆರಳುಗಳು ಅವಳ ಬೆರಳುಗಳ ಪಕ್ಕಕ್ಕೆ ಬಂದು ನಿಂತವು. ಅವಳು ಕೈ ಹಿಂದೆಗೆಯಲಿಲ್ಲ.

"ಅಪ್ಪನಿಗೆ ಏನಂತ ಹೇಳಲಿ?"

"ನಿಜ ಹೇಳು."

"ನಿಜ ಅಂದ್ರೆ... ಇಲ್ಲೊಬ್ಬರನ್ನ ಬಿಟ್ಟು ಬರೋಕೆ ನನ್ನ ಕೈಲಿ ಆಗಲ್ಲ ಅನ್ನೋದು."

"ಹಾಗೇ ಹೇಳು," ಎಂದ ಅವನು ಅವಳ ಕೈ ಹಿಡಿದುಕೊಂಡು. "ನಾನೂ ಪಕ್ಕದಲ್ಲೇ ಕೂತಿರ್ತೀನಿ."